ತೊಟ್ಟಿಲಿನ ಪಾಳಿ

ಜನ ಯಾವಾಗ ಸೇರುತ್ತಾರೆ, ಯಾವಾಗ ಕರಗುತ್ತಾರೆ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಸಂತೆಯ ಗುತ್ತಿಗೆ ಹಿಡಿದವರಿಗಿಂತ ಚೆನ್ನಾಗಿ ಹೇಳುತ್ತಿದ್ದೆ. ಕಾಯುವವರ ಕಣ್ಣಿಗೆ ಬೇರೆ ಕೆಲಸವಿರುವುದಿಲ್ಲ, ನಾವಂತೂ ಕಾದೇ ಬೆಳೆದವರು. ಯಾರಾದರೂ ಬಂದು ನಮ್ಮ ಕೊಡಕ್ಕೆ ನೀರು ಹೊಯ್ಯಲಿ ಎಂದು ಬಾವಿಯ ಹತ್ತಿರ ಕಾಯುತ್ತಿದ್ದೆವು. ಎಣ್ಣೆಗೆ, ಬೆಲ್ಲಕ್ಕೆ ಅಂಗಡಿಯ ಕಟ್ಟೆಯ ಕೆಳಗೆ ಕಾಯುತ್ತಿದ್ದೆವು. ನಮ್ಮ ಪಾಳಿ ಎಂದರೆ ಎಲ್ಲರ ಪಾಳಿ ಮುಗಿದ ಮೇಲೆ ಉಳಿದದ್ದು. ಅದನ್ನು ನೆನೆದರೆ ಈ ವಯಸ್ಸಿನಲ್ಲೂ ಮೈ ಉರಿಯುತ್ತದೆ. ಮರೆತುಬಿಡು ಎನ್ನುವವರಿದ್ದಾರೆ. ನಾನು ಮರೆಯುವುದಿಲ್ಲ.

ನಮ್ಮೂರಿನಿಂದ ಯಮಕನಮರಡಿಯ ಸಂತೆಗೆ ನಡೆದೇ ಹೋಗುತ್ತಿದ್ದೆವು. ಸ್ವಾತಂತ್ರ್ಯ ಬಂದು ಸುಮಾರು ವರ್ಷಗಳಾಗಿದ್ದವು. ನಮ್ಮ ಕೇರಿಯ ಒಂದೆರಡು ಮನೆಗಳಲ್ಲಿ ಹಳೆಯ ದೇವರ ಜಗುಲಿ ತೆಗೆದು ಬುದ್ಧನ ಪಟ ಇಟ್ಟಿದ್ದರು. ನಮ್ಮ ಮನೆಯಲ್ಲಿ ಇನ್ನೂ ಯಾವ ಪಟವೂ ಇರಲಿಲ್ಲ. ಅಪ್ಪ ತೀರಿಕೊಂಡಿದ್ದ. ಅವ್ವ ಊರ ದೊಡ್ಡವರ ಹೊಲಗಳಲ್ಲಿ ಕಳೆ ತೆಗೆದು ನನ್ನನ್ನು ಸಾಲೆಗೆ ಕಳಿಸುತ್ತಿದ್ದಳು.

ಆ ವರ್ಷ ಸುಗ್ಗಿ ಮುಗಿಯುವ ಹೊತ್ತಿಗೆ ಸಂತೆ ಬಯಲಿಗೆ ತಿರುಗುವ ತೊಟ್ಟಿಲು ಬಂತು. ಈಗಿನ ಮಕ್ಕಳು ನೋಡಿದರೆ ನಕ್ಕಾರು. ಯಂತ್ರವಿಲ್ಲ, ವಿದ್ಯುತ್ತಿಲ್ಲ. ಎರಡು ದಪ್ಪ ಕಂಬ, ನಡುವೆ ಒಂದು ಅಚ್ಚು, ಅಚ್ಚಿನ ಸುತ್ತ ನಾಲ್ಕು ಮರದ ಪೆಟ್ಟಿಗೆಗಳು. ಇಬ್ಬರು ಆಳುಗಳು ಕಂಬದ ಮೇಲೆ ಹತ್ತಿ ನಿಂತು ಕೈಯಿಂದ, ಕಾಲಿನಿಂದ ದೂಡಿ ಅದನ್ನು ತಿರುಗಿಸಬೇಕು. ಮಾಲೀಕ ಮಿರಜದ ಕಡೆಯವನು, ಮೈ ತುಂಬಿದವನು, ಬಾಯಿ ಅದಕ್ಕಿಂತ ತುಂಬಿದವನು. ಇಲ್ಲಿ ಜನ ಕಡಿಮೆಯಾದರೆ ಹುಕ್ಕೇರಿಗೆ ಹೋಗುತ್ತಿದ್ದ, ಗಿರಣಿಯ ಪಗಾರ ಆಗುವ ಹೊತ್ತಿಗೆ ಗೋಕಾಕಕ್ಕೆ, ಅಲ್ಲಿಂದ ಮೂಡಲಗಿಗೆ. ಜನ ಹೋದ ಕಡೆ ಅವನ ತೊಟ್ಟಿಲು ಹೋಗುತ್ತಿತ್ತು.

ಸಂತೆಯ ದಿನ ಬೆಳಿಗ್ಗೆ ಯಾರೂ ಆ ಕಡೆ ತಲೆ ಎತ್ತುತ್ತಿರಲಿಲ್ಲ, ಎಲ್ಲರ ಕಣ್ಣೂ ತಮ್ಮ ಮೆಣಸಿನಕಾಯಿ, ಬೆಲ್ಲದ ಮೇಲೆ. ಮಾಲು ಹೋದ ಮೇಲೆ ಮಕ್ಕಳು ಧೋತರದ ಚುಂಗು ಹಿಡಿದು ಎಳೆಯಲು ಶುರುಮಾಡುತ್ತಿದ್ದವು. ಹೊತ್ತು ಮುಳುಗಿ ಗ್ಯಾಸಬತ್ತಿ ಹಚ್ಚಿದರೆಂದರೆ ತುಂಬಿತು, ಕಾಲಿಡಲು ಜಾಗವಿಲ್ಲ. ತೊಟ್ಟಿಲಿನ ಮುಂದೆ ಕಟ್ಟಿದ ಹಗ್ಗದ ಗುಂಟ ಪಾಳಿ ಭಜಿ ಅಂಗಡಿಯನ್ನು ದಾಟಿ ಸಡಕಿನವರೆಗೆ ಹೋಗುತ್ತಿತ್ತು. ಚಕ್ಕಡಿ ಹೂಡುವ ಹೊತ್ತಿಗೆ ಒಮ್ಮೆಲೇ ಖಾಲಿ. ಸಂತೆಯಿಲ್ಲದ ದಿನ ಮಧ್ಯಾಹ್ನ ಒಬ್ಬಿಬ್ಬರು ಬಂದರೆ ಅದೇ ಹೆಚ್ಚು.

ಸಂತೆಯ ಸಂಜೆ ನಮ್ಮ ಕೇರಿಯವರು ಬೇವಿನ ಗಿಡದ ಹತ್ತಿರ ಬೇರೆಯಾಗಿ ನಿಲ್ಲಬೇಕು. ಎಲ್ಲರೂ ಆಡಿ ಮುಗಿದ ಮೇಲೆ ಮಾಲೀಕ ಕರೆಯುತ್ತಾನೆ ಎಂದು ಹೇಳುತ್ತಿದ್ದರು. ಎಲ್ಲರೂ ಆಡಿ ಮುಗಿದ ಮೇಲೆ ಅವನು ಬತ್ತಿ ಆರಿಸುತ್ತಿದ್ದ, ಅಷ್ಟೇ.

ಆದರೆ ನೋಡುವವರಿಲ್ಲದ ಖಾಲಿ ಮಧ್ಯಾಹ್ನಗಳಲ್ಲಿ ನಮ್ಮ ಬೆಲೆ ಏರುತ್ತಿತ್ತು. ಯಾಕೆಂದರೆ ಆ ತೊಟ್ಟಿಲು ಒಂದೇ ಕಡೆ ಭಾರವಾದರೆ ತಿರುಗುವುದಿಲ್ಲ. ಒಂದು ಪೆಟ್ಟಿಗೆಯಲ್ಲಿ ಜನ ಕೂತರೆ ಎದುರಿನ ಪೆಟ್ಟಿಗೆಯಲ್ಲಿ ಸರಿಸುಮಾರು ಅಷ್ಟೇ ಭಾರ ಬೇಕು. ಮೊದಮೊದಲು ಅವನು ಕಲ್ಲು ತುಂಬಿದ ಚೀಲ ಇಡುತ್ತಿದ್ದನಂತೆ. ಅವನ್ನು ಎತ್ತಿ ಇಳಿಸಿ ಆಳುಗಳ ಸೊಂಟ ಹಿಡಿದುಹೋಗಿತ್ತು. ನಮ್ಮಂಥ ಮಕ್ಕಳು ತಾವೇ ಹತ್ತಿ ತಾವೇ ಇಳಿಯುವ ಚೀಲಗಳು. ಅದು ಗೊತ್ತಾದ ದಿನ ಮಾಲೀಕ ಕಲ್ಲು ಚೆಲ್ಲಿ, ಚೀಲ ಹಾಸಿಕೊಂಡು ಮಲಗಿದ.

"ಬರ್ರೋ ಹುಡುಗೂರ, ಭಾರಕ್ಕ ಬರ್ರೋ," ಎಂದು ಕೂಗುತ್ತಿದ್ದ. ನಾವು ಕುಣಿದುಕೊಂಡು ಹೋಗುತ್ತಿದ್ದೆವು. ಕಾಸಿಲ್ಲದೆ ಆಕಾಶಕ್ಕೆ ಹೋಗಿ ಬರುವುದೆಂದರೆ ಏನು ಕಡಿಮೆಯೆ? ಮೇಲಿನಿಂದ ಸಡಕಿನ ಮೇಲೆ ಹೋಗುವ ಲಾರಿಗಳ ಬೆನ್ನು ಕಾಣುತ್ತಿತ್ತು. ನಾನು ಮನೆಗೆ ಬಂದು ಅವ್ವನ ಮುಂದೆ ಜಂಬ ಕೊಚ್ಚಿದೆ.

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸದೆ ಕೇಳಿದಳು, "ಎದುರಿಗೆ ಯಾರ ಕುಂತಿದ್ರು?"

"ಅಂಗಡಿ ಸಾವಕಾರ್‍ರ ಮಗಾ."

"ಅಂವ ಇಳದ ಮ್ಯಾಲ?"

"ನನ್ನೂ ಇಳಸಿದ್ರು."

"ನಿನಗ ಇನ್ನೊಂದ ಸುತ್ತ ಬೇಕೇನ ಅಂತ ಕೇಳಿದ್ರೇನು?"

"ಇಲ್ಲ."

"ಹಂಗಾರ ಅಂವ ನಿನ್ನ ಆಡಸಾಕ ಕರದಿಲ್ಲ. ತೂಕಕ್ಕ ಕರದಾನ. ಇನ್ನ ಮ್ಯಾಲ ಹೋದ್ರ ಕಾಲ ಮುರೀತೀನಿ."

ನನಗೆ ಹೊಟ್ಟೆ ಉರಿದು ಹೋಯಿತು. ಕೇರಿಯ ಉಳಿದ ಮಕ್ಕಳೆಲ್ಲ ಆಡುವಾಗ ನನ್ನ ಅವ್ವನಿಗೆ ಮಾತ್ರ ಏನು ರೋಗ? ಪುಕ್ಕಟೆ ಸಿಗುವುದನ್ನು ಯಾಕೆ ಬಿಡಬೇಕು ಎಂದು ರಂಪ ಮಾಡಿದೆ. "ಪುಕ್ಕಟ ಅಲ್ಲದು," ಎಂದಳು ಅವ್ವ. "ನೀ ದುಡದಿ. ಅಂವ ಪಗಾರ ಕೊಡಲಿಲ್ಲ."

ನಾನು ಊಟ ಬಿಟ್ಟು ಮೂಲೆ ಸೇರಿದೆ. ಹಟದಲ್ಲಿ ನಾನು ಅವಳ ಮಗಳೇ. ಕಡೆಗೆ ಅವ್ವ ಬಂದು ಪಕ್ಕದಲ್ಲಿ ಕೂತು ಹೇಳಿದಳು, "ನಾ ನಿನ್ನ ಕೂಡಸ್ತೀನಿ. ಸಂತಿ ದಿನಾ, ಗ್ಯಾಸಬತ್ತಿ ಹಚ್ಚಿದ ಮ್ಯಾಲ, ಮಂದಿ ತುಂಬಿದಾಗ. ರೊಕ್ಕಾ ಕೊಟ್ಟು, ಪಾಳಿಯೊಳಗ ನಿಂತು. ನಾನೂ ಕೂಡ್ತೀನಿ."

ಅದು ಆಗದ ಮಾತು ಎಂದು ನನಗೂ ಗೊತ್ತಿತ್ತು. ಆದರೆ ಅವಳು ಅದನ್ನು ಹೇಳಿದ ಮೇಲೆ ಖಾಲಿ ತೊಟ್ಟಿಲು ನನಗೆ ರುಚಿ ಕೆಟ್ಟಿತು. ಈಗ ನನಗೆ ಅದೇ ಬೇಕಾಗಿತ್ತು, ಬತ್ತಿಯ ಬೆಳಕಿನಲ್ಲಿ, ಎಲ್ಲರ ಎದುರಿಗೆ, ನನ್ನ ಪಾಳಿಯಲ್ಲಿ ಒಂದು ಸುತ್ತು. ಬೇರೆ ಯಾವುದೂ ಬೇಡ.

ಅಪ್ಪನ ತಮ್ಮ, ನನ್ನ ಕಾಕಾ, ಬುದ್ಧಿ ಹೇಳಲು ಬಂದ. ಅಂಜಿಕೆಯವನಲ್ಲ, ಲೋಕ ಕಂಡವನು. "ವೈನಿ, ದೊಡ್ಡವ್ರ ಹೊಲಕ್ಕ ನಾಳೆ ಹೋಗೂದೈತಿ ನೀ," ಎಂದ.

"ಹೋಗೂದೈತಿ. ಕೆಲಸ ಹೊಲದಾಗ, ಪಾಳಿ ಸಂತ್ಯಾಗ," ಎಂದಳು ಅವ್ವ.

ಕಾಕಾ ಹೇಳಿದ್ದು ಸುಳ್ಳಾಗಲಿಲ್ಲ. ಆಮೇಲೆ ಬಹಳ ದಿನ ಅವಳನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಒಂದು ಹೊತ್ತು ಅಂಬಲಿ ಕುಡಿದು ಮಲಗಿದ್ದೂ ಉಂಟು. ಇದನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ. ಕಡೆಯಲ್ಲಿ ಹೇಳಿದರೆ ಅದೇ ಕಡೆಯ ಮಾತಾಗಿ ನಿಲ್ಲುತ್ತದೆ. ನಾನು ಅದಕ್ಕೆ ಆ ಮರ್ಯಾದೆ ಕೊಡುವುದಿಲ್ಲ.

ಆ ಸಂತೆಯ ಸಂಜೆ ಅವ್ವ ಒಗೆದ ಇಲಕಲ್ಲ ಸೀರೆ ಉಟ್ಟು, ನನ್ನ ಹೆರಳಿಗೆ ಎಣ್ಣೆ ಹಚ್ಚಿ, ಬೇವಿನ ಗಿಡವನ್ನು ದಾಟಿ ನೇರವಾಗಿ ಹೋಗಿ ಪಾಳಿಯ ಕೊನೆಗೆ ನಿಂತಳು. ಗಿಡದ ಹತ್ತಿರವಿದ್ದ ನಮ್ಮವರು ಕತ್ತು ಚಾಚಿ ನೋಡಿದರು. ನಮ್ಮ ಮುಂದಿದ್ದವರು ತಿರುಗಿ ನೋಡಿ ಮುಂದೆ ಸರಿದರು. ಹಿಂದೆ ಬಂದವರು ಹಿಂದೆ ಸರಿದರು. ಎಲ್ಲರೂ ಒಬ್ಬರ ಕಾಲು ಒಬ್ಬರು ತುಳಿಯುತ್ತ ನಿಂತಿದ್ದರೆ ನಮ್ಮ ಮುಂದೆ ಚಕ್ಕಡಿ ನಿಲ್ಲಿಸುವಷ್ಟು ಜಾಗ, ಹಿಂದೆಯೂ ಅಷ್ಟೇ. ಆ ಸಂಜೆ ನಮ್ಮಷ್ಟು ಆರಾಮಾಗಿ ಯಾರೂ ನಿಲ್ಲಲಿಲ್ಲ.

ಪಾಳಿ ಸರಿಯಿತು, ನಾವೂ ಸರಿದೆವು. ಯಾರಾದರೂ ಕೂಗುತ್ತಾರೆ, ಕಲ್ಲು ಬೀಳುತ್ತದೆ ಎಂದು ನಾನು ಹಿಂದೆ ಮುಂದೆ ನೋಡುತ್ತಲೇ ಇದ್ದೆ. ಯಾರೂ ಏನೂ ಮಾಡಲಿಲ್ಲ. ಬಾಗಿಲಲ್ಲಿ ಮಾಲೀಕ ತಡೆಯುತ್ತಾನೆ ಎಂದು ಎಲ್ಲರೂ ಆ ಕೆಲಸವನ್ನು ಅವನಿಗೇ ಬಿಟ್ಟಿದ್ದರು. ಅವನೋ ಯಾರದೋ ಜೊತೆ ಚಿಲ್ಲರೆಗಾಗಿ ಜಗಳಾಡುತ್ತ ನಮ್ಮ ಕಡೆ ಮುಖ ತಿರುಗಿಸದೆ ಕೈ ಚಾಚಿದ. ಅವ್ವ ಆ ಕೈಯಲ್ಲಿ ಕಾಸು ಇಟ್ಟಳು. ಕೆಳಗಿನ ಪೆಟ್ಟಿಗೆ ಖಾಲಿಯಿತ್ತು. ನನ್ನನ್ನು ಎತ್ತಿ ಕೂಡಿಸಿ ತಾನೂ ಹತ್ತಿದಳು.

ಆಮೇಲೆ ಗದ್ದಲವೆದ್ದಿತು. ಉಳಿದ ಮೂರು ಪೆಟ್ಟಿಗೆಗಳಲ್ಲಿ ಆಗಲೇ ಕೂತಿದ್ದವರು "ಅವ್ರನ್ನ ಇಳಸ್ರಿ, ಇಲ್ಲಾ ನಮ್ಮನ್ನ ಇಳಸ್ರಿ" ಎಂದು ಮೇಲಿನಿಂದಲೇ ಕೂಗಾಡಿದರು. ಆಳುಗಳು ತೊಟ್ಟಿಲನ್ನು ತಿರುಗಿಸಿ ಒಂದೊಂದೇ ಪೆಟ್ಟಿಗೆಯನ್ನು ಕೆಳಗೆ ತಂದು ಅವರನ್ನು ಇಳಿಸಿದರು. ಕೊನೆಗೆ ಮೂರೂ ಖಾಲಿಯಾಗಿ, ನಮ್ಮ ಪೆಟ್ಟಿಗೆ ಭಾರಕ್ಕೆ ಜಗ್ಗಿ ಕೆಳಗೆ ಬಂದು ನಿಂತಿತು. ಮಾಲೀಕ ಓಡಿ ಬಂದ.

"ಏ, ಇಳಿ."

"ಅವ್ರನ್ನ ಇಳಸಾಕ ತಿರಗಿಸಿದ್ರಿ. ನಮ್ಮ ಸುತ್ತ ಇನ್ನೂ ಆಗಿಲ್ರಿ," ಎಂದಳು ಅವ್ವ.

"ನಿಮ್ಮ ಪಾಳಿ ಕಡೀಕ ಅಂತ ಗೊತ್ತಿಲ್ಲೇನು? ಕಾಯ್ದೆ ಹೇಳಾಕ ಬಂದಿ ಏನು?"

"ಕಾಯ್ದೆ ನನಗ ಗೊತ್ತಿಲ್ರಿ. ಪಾಳಿ ಗೊತ್ತೈತಿ. ನಾ ನಿಂತದ್ದ ಮಂದಿ ನೋಡ್ಯಾರ."

"ಎಳದ ಇಳಸೋ," ಎಂದು ಹಿಂದಿನಿಂದ ಯಾರೋ ಕೂಗಿದ. "ನೀನ ಬಂದ ಎಳಿ," ಎಂದ ಮುಂದೆ ನಿಂತವನು. ಕೂಗಿದವನು ಮಂದಿಯೊಳಗೆ ಹಿಂದೆ ಸರಿದ. ಎಳೆಯಬೇಕೆಂದರೆ ನಮ್ಮನ್ನು ಮುಟ್ಟಬೇಕು. ಮುಟ್ಟಿದವನು ಮನೆಗೆ ಹೋಗಿ ಚಳಿಯಲ್ಲಿ ಮೀಯಬೇಕು. ನಮ್ಮನ್ನು ದೂರವಿಡಲು ಅವರೇ ಕಟ್ಟಿದ ಬೇಲಿ ಆ ಸಂಜೆ ಅವರ ಕೈಯನ್ನೇ ಕಟ್ಟಿತ್ತು. ಅವ್ವ ಪೆಟ್ಟಿಗೆಯ ಅಡ್ಡಪಟ್ಟಿ ಹಿಡಿದು ಕೂತೇ ಇದ್ದಳು.

ಪಾಳಿ ಬೆಳೆಯುತ್ತಿತ್ತು. ಹುಕ್ಕೇರಿ ಕಡೆಯ ಚಕ್ಕಡಿಯವರು, ಹೊತ್ತಾಯಿತೆಂದು ಮಕ್ಕಳನ್ನು ಬಗಲಲ್ಲಿ ಎತ್ತಿಕೊಂಡ ಹೆಂಗಸರು, ಎಲ್ಲರೂ ನಿಂತಿದ್ದರು. ಪಾಪ, ಅವರಿಗೆ ಕಾದು ರೂಢಿಯಿರಲಿಲ್ಲ. ಮೊದಲು ನಮ್ಮನ್ನು ಬೈದರು. ಬೈದು ಬೇಸರವಾಗಿ, ನೂಕುತ್ತೀಯಾ ಎಂದು ಒಬ್ಬರನ್ನೊಬ್ಬರು ಬೈದರು. ಅದೂ ಮುಗಿದ ಮೇಲೆ ಮಾಲೀಕನನ್ನು ಬೈಯತೊಡಗಿದರು. "ರೊಕ್ಕಾ ತಿರಗಿ ಕೊಡ," ಎಂದ ಒಬ್ಬ. "ಒಂದ ಸುತ್ತ ತಿರಗಿಸಿ ಇಳಸಿಬಿಡ ಮಾರಾಯಾ, ನಮ್ಮ ಎತ್ತಿಗೆ ನೀರ ತೋರಸಬೇಕು," ಎಂದ ಇನ್ನೊಬ್ಬ. ಅದು ನಮ್ಮ ಮೇಲಿನ ಮರುಕದಿಂದ ಬಂದ ಮಾತಲ್ಲ. ಮರುಕ ನಮಗೆ ಬೇಕೂ ಆಗಿರಲಿಲ್ಲ.

ಆಳುಗಳು ಒಮ್ಮೆ ದೂಡಿ ನೋಡಿದರು. ಪೆಟ್ಟಿಗೆ ಅರ್ಧ ಏರಿ, ಕಿರ್ರೆಂದು ಹಿಂದಕ್ಕೆ ಬಂತು. ಎದುರಿಗೆ ಬಂದು ಕೂಡಲು ಪಾಳಿಯಲ್ಲಿದ್ದವರು ಯಾರೂ ತಯಾರಿರಲಿಲ್ಲ. ಮಾಲೀಕ ಬೇವಿನ ಗಿಡದ ಕಡೆ ತಿರುಗಿ, "ಬರ್ರೋ ಹುಡುಗೂರ, ಭಾರಕ್ಕ ಬರ್ರೋ," ಎಂದು ಕೂಗಿದ. ದಿನವೂ ಓಡಿ ಬರುತ್ತಿದ್ದ ಮಕ್ಕಳು ಅವ್ವನ ಮುಖ ನೋಡಿದವು. ಒಂದೂ ಕದಲಲಿಲ್ಲ. ನನ್ನ ಕೇರಿಯ ಮಕ್ಕಳ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಆ ಗಳಿಗೆ ನೆನಪಾಗುತ್ತದೆ.

ಮಾಲೀಕ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. "ಭಾರ ಇಲ್ಲದ ಇದು ತಿರಗೂದಿಲ್ಲ ಯವ್ವಾ," ಎಂದ. ಏ ಎಂದು ಕರೆದ ಬಾಯಿಯಲ್ಲಿ ಯವ್ವಾ ಬಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. "ನಾ ಏನ ಮಾಡ್ಲಿ ಹೇಳು."

"ಎದುರಿಗೆ ನೀವ ಕೂಡ್ರಿ," ಎಂದಳು ಅವ್ವ.

ಭಜಿ ಅಂಗಡಿಯ ಕಡೆಯಿಂದ ನಗು ಶುರುವಾಯಿತು, ಪಾಳಿಯ ಗುಂಟ ಹಬ್ಬಿತು. "ಕೂಡ್ರಿ ಮಾಲಕ್ರ, ನಿಮ್ಮ ಭಾರ ಸಾಕಾಕ್ಕೈತಿ," ಎಂದರು. ಅವನು ಆ ಕಡೆ ನೋಡಿದ, ಈ ಕಡೆ ನೋಡಿದ. ಊರೂರು ತಿರುಗಿ ಎಷ್ಟೋ ಮಂದಿಯನ್ನು ಮೇಲೆ ಕಳಿಸಿದವನು ತಾನು ಒಮ್ಮೆಯೂ ಅದರಲ್ಲಿ ಕೂತಿರಲಿಲ್ಲವಂತೆ. ಅವನ ಆಳುಗಳೇ ಬಾಯಿಗೆ ಕೈ ಅಡ್ಡವಿಟ್ಟುಕೊಂಡು ನಗುತ್ತ ಅದನ್ನು ಹೇಳಿಬಿಟ್ಟರು. ಮಂದಿ ಹಗ್ಗ ದಾಟಿ ಒಳಗೆ ನುಗ್ಗುವ ಹಾಗೆ ಕಂಡಿತು. ಬೇರೆ ದಾರಿಯಿರಲಿಲ್ಲ.

ಅವನು ಹತ್ತಬೇಕಾದರೆ ಎದುರಿನ ಪೆಟ್ಟಿಗೆ ಕೆಳಗೆ ಬರಬೇಕು, ಅಂದರೆ ನಾವು ಮೇಲೆ ಹೋಗಬೇಕು. ಆಳುಗಳು ಇಬ್ಬರೂ ಸೇರಿ, ಉಸಿರು ಕಟ್ಟಿ, ನಮ್ಮ ಪೆಟ್ಟಿಗೆಯನ್ನು ಮೇಲಕ್ಕೆ ದೂಡಿದರು; ಎದುರಿನ ಪೆಟ್ಟಿಗೆ ಕೈಗೆ ಸಿಕ್ಕ ಕೂಡಲೇ ಮಾಲೀಕನೂ ಅದನ್ನು ಕೆಳಕ್ಕೆ ಜಗ್ಗಿದ. ನೆಲ ಕೆಳಗೆ ಸರಿಯಿತು. ಅವರು ತೊಟ್ಟಿಲನ್ನು ಬಿಗಿಯಾಗಿ ಹಿಡಿದು ನಿಂತಾಗ ಮಾಲೀಕ ಏನೋ ಗೊಣಗುತ್ತ ಪೆಟ್ಟಿಗೆಯೊಳಗೆ ಕಾಲಿಟ್ಟು, ಕಣ್ಣು ಮುಚ್ಚಿ ಕೂತ. ಅವನ ಭಾರ ನಮ್ಮಿಬ್ಬರಿಗಿಂತ ಹೆಚ್ಚೇ ಇತ್ತು. ಆಳುಗಳು ಕೈ ಬಿಟ್ಟರೂ ತೊಟ್ಟಿಲು ಅಲುಗಲಿಲ್ಲ. ನಾವು ತುದಿಯಲ್ಲಿ ನಿಂತೇ ಇದ್ದೆವು.

ನಾನು ಕೆಳಗೆ ಇಣುಕಿದೆ. ಗ್ಯಾಸಬತ್ತಿಯ ಬೆಳಕಿನಲ್ಲಿ ಸಡಕಿನವರೆಗೂ ಮುಖಗಳೇ ಮುಖಗಳು, ಎಲ್ಲವೂ ಮೇಲಕ್ಕೆ ನಮ್ಮ ಕಡೆ ಎತ್ತಿದ್ದವು. ರುಮಾಲಿನವರು, ಟೋಪಿಯವರು, ಅವ್ವ ಕಳೆ ತೆಗೆಯುತ್ತಿದ್ದ ಹೊಲದವರು ಕೂಡ. ಅಷ್ಟು ಮಂದಿ ನಮ್ಮ ಸುತ್ತು ಮುಗಿಯಲಿ ಎಂದು ಕಾಯುತ್ತಿದ್ದರು. ನನಗೆ ಅಂಜಿಕೆಯೂ ಆಯಿತು, ಕುಣಿಯಬೇಕೆನ್ನುವಷ್ಟು ಸಂತೋಷವೂ ಆಯಿತು. ಅವ್ವನ ತೋಳು ಗಟ್ಟಿಯಾಗಿ ಹಿಡಿದುಕೊಂಡೆ.

"ತಿರಗಸಲೇನಬೇ?" ಎಂದು ಆಳು ಕೆಳಗಿನಿಂದ ಕೇಳಿದ.

ಅವ್ವ ಅಡ್ಡಪಟ್ಟಿಯಿಂದ ಕೈ ತೆಗೆದು, ಸೆರಗು ಸರಿಮಾಡಿಕೊಂಡು, ಬೆನ್ನು ಹಿಂದಕ್ಕೆ ಆನಿಸಿ ಕೂತಳು.

"ಸಾವಕಾಶ ತಿರಗಸ ತಮ್ಮಾ," ಎಂದಳು. "ನಮಗೇನ ಅವಸರಿಲ್ಲ."