ಮೊದಲ ಮೂಸಿ ನೋಡ್ರಿ

ಶನಿವಾರ ಸಂಜೆ ಪಿನ್ನರ್ ಬಡಾವಣೆಯ ಡಾಕ್ಟರ್ ಆನಂದತೀರ್ಥರ ಮನೆಗೆ ಹೋದವರು ಐರ್ಲೆಂಡ್ ಸುತ್ತದೆ ಹಿಂದಿರುಗುವಂತಿಲ್ಲ. ಅಲ್ಲಿನ ಸಣ್ಣಪುಟ್ಟ ಬಿಯರ್ ಬ್ರೂವರಿಗಳೆಂದರೆ ಅವರಿಗೆ ಪುಣ್ಯಕ್ಷೇತ್ರಗಳು. ಕಾರ್ಕ್‌ನ ಕಪ್ಪು ಸ್ಟೌಟ್, ಗಾಲ್ವೇಯ ಪೇಲ್ ಏಲ್, ಡೊನೆಗಾಲ್‌ನ ಕೆಂಪು ಏಲ್, ಹೀಗೆ ಬಗೆಬಗೆಯ ಬಿಯರ್ ಬಾಟಲಿಗಳು ಅವರ ಮನೆಯಲ್ಲಿ ದಸರೆಯ ಬೊಂಬೆಗಳಂತೆ ಮೆಟ್ಟಿಲು ಮೆಟ್ಟಿಲಾಗಿ ಕೂತಿರುತ್ತವೆ. ಡಾಕ್ಟರು ಗ್ಲಾಸನ್ನು ಓರೆ ಹಿಡಿದು, ಕೂಸಿಗೆ ನೀರೆರೆಯುವಷ್ಟು ಮೆಲ್ಲಗೆ ಸುರಿಯುತ್ತಾರೆ. ನೊರೆ ನಿಲ್ಲುವವರೆಗೆ ಯಾರೂ ಮಾತಾಡಕೂಡದು. ಅವಸರಪಟ್ಟು ಗುಟುಕರಿಸಿದವರಿಗೆ, "ತಡೀರಿ, ಇದೇನ್ ಮಜ್ಜಿಗಿ ಅಲ್ಲ. ಮೊದಲ ಮೂಸಿ ನೋಡ್ರಿ, ಏನ್ ವಾಸನಿ ಬರ್ತದ ಹೇಳ್ರಿ," ಎಂಬ ಗದರಿಕೆ. ಕಾಫಿ, ಚಾಕೊಲೇಟ್ ಎಂದರೆ ಒಪ್ಪುವುದಿಲ್ಲ, "ಅದು ಬಾಟ್ಲಿ ಮ್ಯಾಲೇ ಬರದದ. ನಿಮ್ಮ ಮೂಗು ಏನಂತದ?" ಕಳೆದ ವಾರ ಪಕ್ಕದ ಬೀದಿಯ ಆಕಾಶ್ ಅಳುಕುತ್ತಲೇ, "ಜೋಳದ ರೊಟ್ಟಿ ಸೀದ ಹಾಗಿದೆ ಸರ್," ಎಂದ. ಡಾಕ್ಟರು ಕಣ್ಣು ಮುಚ್ಚಿ, ಗ್ಲಾಸನ್ನು ಮೂಗಿಗೆ ಹಿಡಿದು, ಮಂಜಿನಾಚೆ ಊರು ಹುಡುಕುವವರಂತೆ ಬಹಳ ಹೊತ್ತು ನಿಂತರು. ಕೋವಿಡ್ ಬಂದುಹೋದಾಗಿನಿಂದ ಅವರ ಮೂಗಿಗೆ ಯಾವ ವಾಸನೆಯೂ ಹತ್ತುವುದಿಲ್ಲವೆಂದು ಹೆಂಡತಿ ಜಯಾಗಷ್ಟೇ ಗೊತ್ತು. "ಬಂತೇನ್ರಿ?" ಎಂದರು ಆಕೆ, ಕಿವಿಯ ಬಳಿ. ಡಾಕ್ಟರು ಇಲ್ಲವೆಂಬಂತೆ ಸಣ್ಣಗೆ ತಲೆಯಲ್ಲಾಡಿಸಿದರು. ಆಮೇಲೆ ಕಣ್ಣು ತೆರೆಯದೆಯೇ ಆಕಾಶನನ್ನು ಕೇಳಿದರು: "ಇನ್ನೊಮ್ಮೆ ಮೂಸಿ ಹೇಳ್ರಿ. ರೊಟ್ಟಿ ಪೂರಾ ಸೀದದೋ, ಅಂಚಷ್ಟ ಸೀದದೋ?"