ಅಜ್ಜನ ಜಪಾನಿ ಕತ್ತಿ

ನನ್ನ ಅಜ್ಜ ಬರ್ಮಾ ಯುದ್ಧದಲ್ಲಿ ಕೊಂದ ಜಪಾನಿ ಸೈನಿಕರ ಸಂಖ್ಯೆ, ಅವನು ತೀರಿಕೊಂಡ ಮೇಲೆಯೂ ಏರುತ್ತಲೇ ಬಂದಿದೆ. ಇದಕ್ಕೆ ಕಾರಣ ನಾನು. ನಾನು ಚಿಕ್ಕವನಿದ್ದಾಗ ಸತ್ತವನು ಒಬ್ಬನೇ. ಕಾಲೇಜಿಗೆ ಹೋಗುವಾಗ ಇಬ್ಬರಾದರು. ಮದುವೆಯಾದ ಹೊಸತರಲ್ಲಿ, ಹೆಂಡತಿಯ ಅಣ್ಣಂದಿರು ಎದುರಿಗೆ ಸಾಲಾಗಿ ಕೂತಿದ್ದಾಗ, ಮೂರನೆಯವನನ್ನು ನಾನೇ ಮುಗಿಸಿದೆ. ಇದರ ಮೇಲೆ ರಾಣೆಬೆನ್ನೂರಿನ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿದವನೂ ನಾನೇ.

ಸಾಕ್ಷಿಗೆ ನಮ್ಮಲ್ಲಿ ಒಂದು ಕತ್ತಿ ಇತ್ತು. ಬಂದೂಕಿನ ಮೂತಿಗೆ ಸಿಕ್ಕಿಸುವ, ಮೊಳದುದ್ದದ ಜಪಾನಿ ಬಯೋನೆಟ್. ಅಜ್ಜ ಅದನ್ನು ಯುದ್ಧದಿಂದ ಮೇಡ್ಲೇರಿಯ ಮನೆಗೆ ತಂದಿದ್ದ. ಅವನ ನಂತರ ಅದು ಸೋದರತ್ತೆ ಗಂಗವ್ವನ ಜೊತೆ ಬ್ಯಾಡಗಿ ಸೇರಿ, ಮೆಣಸಿನಕಾಯಿ ಚೀಲದ ಹೊಲಿಗೆ ಬಿಚ್ಚುವ ಕೆಲಸಕ್ಕೆ ನಿಂತಿತು.

ನನ್ನ ಪರವಾಗಿ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಸೀಮೆಯಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಅವುಗಳಲ್ಲಿ ವೀರ ಆಳೆತ್ತರ, ವೈರಿಗಳು ಅವನ ಮೊಣಕಾಲೆತ್ತರ. ಆ ಶಿಲ್ಪಿಯನ್ನು ಯಾರೂ ಅಡ್ಡ ಪ್ರಶ್ನೆ ಕೇಳಲಿಲ್ಲ. ನನಗೆ ಮಾತ್ರ ಆ ಭಾಗ್ಯ ಇರಲಿಲ್ಲ.

ಹೋದ ವರ್ಷ ನನ್ನ ಹಳೆಯ ಶಾಲೆಯವರು ಫೋನ್ ಮಾಡಿದರು. "ಸರ್, ನಿಮ್ಮ ಅಜ್ಜಾರ ಕತ್ತಿ ತಗೊಂಡು ಬಂದು ಹುಡುಗರಿಗೆ ಆ ಕಥಿ ಹೇಳ್ರಿ." ಎರಡು ಸಲ ಕರೆಸಿಕೊಳ್ಳುವ ಸ್ವಭಾವ ನನ್ನದಲ್ಲ. ಬ್ಯಾಡಗಿಗೆ ಓಡಿದೆ. ಎಂಬತ್ತೈದು ದಾಟಿದ ಅತ್ತೆ ಕತ್ತಿಯನ್ನು ಸೆರಗಿನಿಂದ ಒರೆಸುತ್ತ, "ನಾನೂ ಬರ್ತೇನಿ. ನೀ ಭಾಷಣ ಮಾಡೂದು ಒಮ್ಮೆರೆ ನೋಡಬ್ಯಾಡೇನು?" ಎಂದಳು. ನನಗೆ ಹೆಮ್ಮೆಯೇ ಆಯಿತು. ಅಜ್ಜ ಯುದ್ಧದಿಂದ ಮರಳಿದಾಗ ಇವಳಿಗೆ ಐದಾರು ವರ್ಷ, ಕಣ್ಣು ಕಿವಿ ಎರಡೂ ಚುರುಕಾಗಿದ್ದವು ಎಂಬುದು ಮಾತ್ರ ಹೊಳೆಯಲಿಲ್ಲ.

ಅತ್ತೆಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ನಾನು ಮಂಜು, ಕಾಡು, ನದಿ ಎಲ್ಲವನ್ನೂ ದಾಟಿ, ಇಬ್ಬರನ್ನು ಕೆಡವಿ ಮೂರನೆಯವನ ಎದೆಗೆ ಕತ್ತಿ ಗುರಿಯಿಟ್ಟಿದ್ದೆ. ಆಗ ಕೆಳಗಿನಿಂದ ದನಿ ಬಂತು.

"ಏ ತಮ್ಮಾ, ಒಂದ್ ನಿಮಿಷ ನಿಂದ್ರು. ನಮ್ಮಪ್ಪ ಹೇಳೂಮುಂದ ಜಪಾನಿನವ ಒಬ್ಬನ ಇದ್ದ. ನಿನ್ನ ಕಥಿಯೊಳಗ ಮೂರು ಮಂದಿ ಆಗ್ಯಾರ. ಖರೇ ಹೇಳಬೇಕಂದ್ರ, ಆ ಒಬ್ಬನೂ ಇದ್ದಿಲ್ಲ."

ಸಭೆ ಗೊಳ್ಳೆಂದಿತು. ನನ್ನ ಕೈಯಲ್ಲೇ ಕಲಿತು ಈಗ ಅಲ್ಲೇ ಶಿಕ್ಷಕರಾಗಿರುವ ಇಬ್ಬರು ನನ್ನ ಮುಖ ನೋಡಲಾರದೆ ಫ್ಯಾನು ನೋಡತೊಡಗಿದರು. ನಾನು ಮೈಕನ್ನು ಅತ್ತೆಯ ಕೈಗೆ ಕೊಟ್ಟೆ. ಅದು ನನ್ನ ದೊಡ್ಡತನವಲ್ಲ, ಕೊಲ್ಲಲು ನನಗೆ ಯಾರೂ ಉಳಿದಿರಲಿಲ್ಲ.

ಅತ್ತೆ ಹೇಳಿದ್ದು ಇಷ್ಟು. ಅಜ್ಜ ಪಡೆಯಲ್ಲಿ ಹೇಸರಗತ್ತೆಗಳ ಮೇಲೆ ರೇಷನ್ನು ಸಾಗಿಸುವವನು. ಅವನು ಹೊರಡುವಾಗ ಅಜ್ಜಿ ಮೂರು ದಿನ ಒರಳಿನ ಮುಂದೆ ಕೂತು ಖಾರ ಕುಟ್ಟಿ, ಒಂದು ಡಬ್ಬಿ ತುಂಬಿ ಕೊಟ್ಟಿದ್ದಳು. ಪಡೆಯ ಸಪ್ಪೆ ಊಟದ ನಡುವೆ ಆ ಡಬ್ಬಿಯ ಮೇಲೆ ಎಲ್ಲರಿಗೂ ಕಣ್ಣು. ಪಂಜಾಬಿನ ಸಿಪಾಯಿಯೊಬ್ಬ ರಣರಂಗದಲ್ಲಿ ಬಿದ್ದಿದ್ದ ಕತ್ತಿಯೊಂದನ್ನು ಎತ್ತಿಟ್ಟುಕೊಂಡಿದ್ದ. ಅಜ್ಜ ಡಬ್ಬಿ ಕೊಟ್ಟ, ಕತ್ತಿ ತಗೊಂಡ.

ನನ್ನ ವೀರ ಅಜ್ಜ ಎಲ್ಲರ ಎದುರಿಗೇ ಮೊಣಕಾಲೆತ್ತರಕ್ಕೆ ಇಳಿದಿದ್ದ. ಆಗ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಅಜ್ಜಿ, ನಿಮ್ಮವ್ವ ಸಿಟ್ಟಾಗಲಿಲ್ಲೇನ್ರಿ?"

"ಆಗಲಿಲ್ಲೇನು! ಅಪ್ಪ ಬಾಗಲದಾಗ ನಿಂತು, ಜಪಾನಿನವನ್ನ ಕೊಂದು ಈ ಕತ್ತಿ ತಂದೇನಿ ಅಂದ. ಅವ್ವ, ನನ್ನ ಖಾರದ ಡಬ್ಬಿ ಎಲ್ಲೈತಿ ಅಂತ ಒಂದ ಮಾತು ಕೇಳಿದಳು. ಅಪ್ಪ ತಲಿ ತಗ್ಗಿಸಿ ಎಲ್ಲಾ ಒಪ್ಪಿಕೊಂಡ. ಎಂಟು ದಿನ ಅಕಿ ಅವನ ಕೂಡ ಮಾತಾಡಲಿಲ್ಲ." ಅತ್ತೆ ಮೈಕನ್ನು ಇನ್ನೊಂದು ಕೈಗೆ ಬದಲಿಸಿದಳು. "ಒಂಬತ್ತನೇ ದಿನ ಮತ್ತ ಒರಳಿನ ಮುಂದ ಕುಂತಳು. ಇವನ ಕೂಡ ಹೋದವರೊಳಗ ಎಷ್ಟೋ ಮಂದಿ ಬರಲಿಲ್ಲ, ಇವ ಬಂದಾನ, ಉಣ್ಣಾಕ ಖಾರ ಬೇಕಲ್ಲ ಅಂದಳು."

ಕಾರ್ಯಕ್ರಮ ಮುಗಿದ ಮೇಲೆ ಹುಡುಗರೆಲ್ಲ ಅತ್ತೆಯನ್ನು ಮುತ್ತಿಕೊಂಡರು. ಕತ್ತಿ ಹಿಡಿದು ಪಕ್ಕದಲ್ಲಿ ನಿಂತಿದ್ದ ನನಗೆ ಒಬ್ಬಳು, "ಸರ್, ಸ್ವಲ್ಪ ಸರೀರಿ, ಫೋಟೋದಾಗ ಬರ್ತೀರಿ" ಎಂದಳು.

ಸಂಜೆ ಬ್ಯಾಡಗಿಯ ಬಸ್ಸಿನಲ್ಲಿ ನಾನು ಕಿಟಕಿಯಾಚೆ ಬಹಳ ಆಸಕ್ತಿಯಿಂದ ನೋಡುತ್ತಿದ್ದೆ.

"ಸಿಟ್ಟು ಬಂತೇನೋ?" ಎಂದಳು ಅತ್ತೆ.

"ಇಲ್ಲ ಅತ್ತಿ."

ಅತ್ತೆ ನನ್ನ ಮೊಣಕೈ ತಟ್ಟಿದಳು. "ನಿನ್ನ ಕಥಿ ಛಲೋ ಐತಿ ಬಿಡೋ. ಆದ್ರ ಅದರಾಗ ನಮ್ಮವ್ವ ಎಲ್ಲೂ ಇದ್ದಿಲ್ಲ."