ಪಾತಿಗೆ ಕಟ್ಟಿದ ಬಿಳಿ ಪಟ್ಟಿ

ಒಬ್ಬರೇ ಇರುವವರು ಬಚ್ಚಲಲ್ಲಿ ಜಾರಿ ಬಿದ್ದರೆ, ಯಾರಾದರೂ ಬಂದು ಬಾಗಿಲು ತಟ್ಟುವವರೆಗೆ ಬಿದ್ದೇ ಇರುತ್ತಾರೆ. ಇದು ನಿಮಗೂ ಗೊತ್ತು. ನಮ್ಮ ಬೀದಿ ತೋಟದ ಇಪ್ಪತ್ತಾರು ಮನೆಯವರಿಗೂ ಗೊತ್ತಿತ್ತು.

ನಲ್ಲಿಯಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದವಳು. ಸೋಡಾ ನೀರು ಅವಳ ಬೆರಳ ಗೆರೆಗಳನ್ನೆಲ್ಲ ತಿಂದುಹಾಕಿತ್ತು. ಪಿಂಚಣಿ ಕಚೇರಿಯಲ್ಲಿ ಬೆರಳು ಒತ್ತಿಸಿಕೊಳ್ಳುವ ಯಂತ್ರ ಅವಳನ್ನು ಗುರುತು ಹಿಡಿಯುತ್ತಲೇ ಇರಲಿಲ್ಲ. "ನಾನಿನ್ನೂ ಇದೀನಿ ಅಂತ ಅದಕ್ಕೆ ನಂಬಿಕೆನೇ ಬರಲ್ಲ ಕಣ್ರೀ" ಎಂದು ನಗುತ್ತಿದ್ದಳು.

ಮೂರನೇ ಮಹಡಿಯ ಅವಳ ಒಂಟಿ ಕೋಣೆಯ ಎದುರಿಗಿದ್ದ ಖಾಲಿ ಜಾಗ ಆಗ ಕಸದ ಗುಡ್ಡೆ. ಒಡೆದ ಬಾಟಲಿ, ಹರಿದ ಹಾಸಿಗೆ, ಯಾರೋ ಎಸೆದಿದ್ದ ಕಮೋಡು. ಕೆಲಸ ಬಿಟ್ಟ ಮರುವಾರವೇ ಅಕ್ಕ ಗುದ್ದಲಿ ಹಿಡಿದು ಇಳಿದಳು. ಸುತ್ತಲಿನ ಜನ ನಾಲ್ಕು ತಿಂಗಳು ಕಿಟಕಿಯಿಂದ ನೋಡಿದರು. ಬೀನ್ಸ್ ಕಾಯಿ ಬಿಟ್ಟ ಮೇಲೆ ಕೆಳಗಿಳಿದರು. ಇಳಿದವರಲ್ಲಿ ನಾನೂ ಒಬ್ಬ. ಅಕ್ಕ ಯಾರಿಗೂ ಒಂದು ಮಾತು ಅನ್ನದೆ ಮನೆಗೊಂದರಂತೆ ಪಾತಿ ಹಂಚಿದಳು. ತೋಟದ ನಲ್ಲಿಯ ಬೀಗದ ಕೀ ಅವಳ ಕೊರಳಲ್ಲೇ ಇರುತ್ತಿತ್ತು. ಆ ಹೆಸರು ಬಂದಿದ್ದು ಹಾಗೆ.

ಅಕ್ಕನ ಬಾಯಿ ಜೋರು. ಟೈಲರ್ ಒಮ್ಮೆ, "ಅಕ್ಕಾ, ನನ್ನ ಟೊಮೇಟೊ ಇನ್ನೂ ಹಸಿರೇ ಇದೆಯಲ್ಲ" ಎಂದು ಗೊಣಗಿದ.

"ನೀನು ಹೇಳಿದ ದಿನಕ್ಕೆ ಬಟ್ಟೆ ಹೊಲಿದು ಕೊಡು. ಅದೂ ಹೇಳಿದ ದಿನಕ್ಕೆ ಹಣ್ಣಾಗುತ್ತೆ."

ಒಂದು ವರ್ಷ ಬಸ್ ಡ್ರೈವರನ ಹೆಂಡತಿ ಮನೆ ಬಿಟ್ಟು ಹೋದಳು. ಅವನು ತೋಟಕ್ಕೆ ಬಂದಾಗಲೆಲ್ಲ ನಮ್ಮದು ಒಂದೇ ವರಾತ: ಎಲ್ಲಿ ಹೋದರು, ಯಾವಾಗ ಬರ್ತಾರೆ, ಏನಾಯ್ತು. ಅವನು ಬರುವುದನ್ನೇ ನಿಲ್ಲಿಸಿದ. ಅವನ ಪಾತಿ ಒಣಗಿತು. ಅಕ್ಕ ನಮ್ಮನ್ನೆಲ್ಲ ನಲ್ಲಿಯ ಹತ್ತಿರ ನಿಲ್ಲಿಸಿ ಬೈದಳು. "ಗಿಡಕ್ಕೆ ನೀರು ಬೇಕು, ನಿಮ್ಮ ವಿಚಾರಣೆ ಬೇಕಾಗಿಲ್ಲ."

ಮರುದಿನ ಆಸ್ಪತ್ರೆಯ ಹಳೆ ಹಾಸುಬಟ್ಟೆ ಹರಿದು ಮಾಡಿದ ಪಟ್ಟಿಗಳ ಕಂತೆ ತಂದಳು. ಬರಲಾಗದವರು ತಮ್ಮ ಪಾತಿಯ ಕೋಲಿಗೆ ಒಂದು ಪಟ್ಟಿ ಕಟ್ಟಬೇಕು. ಕಂಡವರು ಆ ಪಾತಿಗೂ ನೀರು ಹಾಕಬೇಕು. ಯಾಕೆ, ಏನು, ಎಲ್ಲಿಗೆ ಎಂದು ಯಾರೂ ಕೇಳಬಾರದು. ಮೊದಲ ಪಟ್ಟಿಯನ್ನು ಅವಳೇ ಡ್ರೈವರನ ಕೋಲಿಗೆ ಕಟ್ಟಿದಳು. ಆರು ವಾರ ಕಳೆದು ಅವನು ತಲೆ ತಗ್ಗಿಸಿಕೊಂಡು ಬಂದಾಗ, ಮತ್ತೆ ಬಿತ್ತಿದ ಬೀನ್ಸ್ ಬಳ್ಳಿ ಅವನ ಎದೆಮಟ್ಟ ಬೆಳೆದಿತ್ತು. ಯಾರೂ ಏನೂ ಕೇಳಲಿಲ್ಲ.

ಅಲ್ಲಿಂದ ಒಂಬತ್ತು ವರ್ಷ ಆ ನಿಯಮ ನಡೆಯಿತು. ಹೆರಿಗೆಗೆ ಹೋದವರು, ಕೆಲಸ ಕಳೆದುಕೊಂಡು ಮುಖ ತೋರಿಸಲಾರದವರು, ಎಲ್ಲರೂ ಪಟ್ಟಿ ಕಟ್ಟಿದರು. ಅಕ್ಕ ಮಾತ್ರ ಒಮ್ಮೆಯೂ ಕಟ್ಟಿರಲಿಲ್ಲ.

ಹೋದ ತಿಂಗಳು ಒಂದು ಸೋಮವಾರ ಅವಳ ಕೋಲಿನಲ್ಲಿ ಪಟ್ಟಿ ಕಂಡಿತು. ನಲ್ಲಿಯ ಕೀ ಗೇಟಿನ ಮೊಳೆಯಲ್ಲಿ ನೇತಾಡುತ್ತಿತ್ತು.

"ತಂಗಿ ಮನೆಗೆ ಹೋಗಿರಬೇಕು. ಅಂತೂ ಕೊನೆಗೆ ರಜಾ ತಗೊಂಡ್ರು ನೋಡಿ" ಎಂದ ಟೈಲರ್.

"ಇಷ್ಟು ವರ್ಷದ ಋಣ. ಅವರ ಪಾತಿ ನಾನು ನೋಡ್ಕೋತೀನಿ" ಎಂದ ಡ್ರೈವರ್. ಡ್ಯೂಟಿಗೆ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ ನೀರು ಹಾಕಿದ. ಅಕ್ಕನ ಪಾತಿ ಅಲ್ಲವೇ, ಉಳಿದವರೂ ಹಾಕಿದರು. ನಾನು ಬುಧವಾರ ಎರಡು ಬಕೆಟ್ ಸುರಿದೆ. ಗುರುವಾರದ ಹೊತ್ತಿಗೆ ಬದನೆ ಗಿಡ ಕೆಸರಲ್ಲಿ ವಾಲಿತ್ತು.

"ಏನ್ರೀ ಇದು, ಗದ್ದೆ ಮಾಡಿಟ್ಟಿದ್ದೀರಿ! ಬಂದು ನೋಡಿದ್ರೆ ನಮ್ಮನ್ನೇ ಇದರಲ್ಲಿ ನಾಟಿ ಮಾಡ್ತಾರೆ" ಎಂದ ಟೈಲರ್. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಶನಿವಾರ ಬೆಳಿಗ್ಗೆ ಅಕ್ಕನ ತಂಗಿ ಗೇಟಿನ ಹತ್ತಿರ ಬಂದು ನಿಂತಳು. "ಅಕ್ಕ ಫೋನೇ ಎತ್ತುತಾ ಇಲ್ಲ. ಬಾಗಿಲೂ ತೆಗೀತಿಲ್ಲ. ಇಲ್ಲಿದಾಳಾ?"

ಡ್ರೈವರ್ ಪೈಪ್ ಹಿಡಿದೇ ಕೇಳಿದ. "ನಿಮ್ಮನೇಲಿ ಇಲ್ವಾ?"

ಬಾಗಿಲು ಒಡೆದವನೂ ಅವನೇ. ಅಕ್ಕ ಬಚ್ಚಲ ನೆಲದ ಮೇಲಿದ್ದಳು. ಮೇಜಿನ ಮೇಲೆ ತಲೆಸುತ್ತಿಗೆ ಬರೆಸಿಕೊಂಡ ಮಾತ್ರೆ ಚೀಟಿ ಇತ್ತು. ದಿನಾಂಕ ಪಟ್ಟಿ ಕಂಡ ಸೋಮವಾರದ ಹಿಂದಿನ ಭಾನುವಾರದ್ದು. ಎರಡು ದಿನ ಮಲಗಿ ಸುಧಾರಿಸಿಕೊಳ್ಳೋಣ ಎಂದುಕೊಂಡವಳು, ತಲೆ ಗಿರ್ರೆನ್ನುವಾಗಲೂ ಮೂರು ಮಹಡಿ ಇಳಿದು, ನಮ್ಮ ಗಿಡಗಳಿಗೆ ನೀರು ತಪ್ಪದಿರಲೆಂದು ಕೀ ತೂಗುಹಾಕಿ, ಮತ್ತೆ ಮೂರು ಮಹಡಿ ಹತ್ತಿದ್ದಳು. ಬಿದ್ದ ಮೇಲೆ ಎರಡು ದಿನವಾದರೂ ಜೀವ ಇತ್ತು ಎಂದರು ಡಾಕ್ಟರು. ಬಚ್ಚಲ ಗವಾಕ್ಷಿ ತೋಟದ ಕಡೆಗೇ ಇದೆ. ಅವಳು ಕೂಗಿದಳೋ ಇಲ್ಲವೋ ನಮಗೆ ಗೊತ್ತಿಲ್ಲ. ಪೈಪ್ ಸದ್ದು, ನಮ್ಮ ಹರಟೆ ಅವಳಿಗೆ ಕೇಳಿಸಿರಬೇಕು.

ಸಂತಾಪ ಸಭೆ ಮಾಡಿದೆವು. ಒಬ್ಬೊಬ್ಬರೂ ಎದ್ದು ನಿಂತು, ನಮಗೆಲ್ಲ ತಾಯಿಯಂತಿದ್ದಳು ಎಂದರು. ಎಂಥ ಮಕ್ಕಳು ನಾವು. ತಾಯಿಯ ಬದನೆ ಗಿಡ ಕೊಳೆಯುವಷ್ಟು ನೀರು ಹಾಕಿದೆವು, ಐದು ದಿನ ತಾಯಿಯ ಬಾಗಿಲು ತಟ್ಟಲಿಲ್ಲ. ನಿಯಮ ಇತ್ತಲ್ಲ, ಕೇಳಬಾರದು ಎಂದು, ಎನ್ನುತ್ತಾನೆ ಟೈಲರ್. ನಾಚಿಕೆಯಿಂದ ಅಡಗಿದವನ ಮಾನ ಕಾಯಲು ಅವಳು ಮಾಡಿದ ನಿಯಮ ಅದು. ನಾವು ಅದನ್ನು ಮೂರು ಮಹಡಿ ಹತ್ತುವ ಶ್ರಮ ಉಳಿಸಲು ಬಳಸಿಕೊಂಡೆವು. ಸಭೆಯಲ್ಲಿ ಡ್ರೈವರ್, ಅಕ್ಕನ ಕೋಲಿನಿಂದ ಬಿಚ್ಚಿದ ಪಟ್ಟಿಯನ್ನು ಕೊನೆಯವರೆಗೂ ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದ.

ಈಗ ನಮ್ಮಲ್ಲಿ ಪಟ್ಟಿ ಕಂಡವರು ಮೊದಲು ಬಾಗಿಲು ತಟ್ಟಿ, ಆಮೇಲೆ ನೀರು ಹಾಕುತ್ತಾರೆ. ಅಕ್ಕನಿಗೆ ಅದರಿಂದ ಏನು ಬಂತು?

ನಿಮ್ಮ ಕಟ್ಟಡದಲ್ಲೂ ಒಬ್ಬರೇ ಇರುವವರೊಬ್ಬರಿದ್ದಾರೆ. ಊರಿಗೆ ಹೋಗಿರಬೇಕು ಎಂದು ನೀವೂ ಅಂದುಕೊಂಡಿದ್ದೀರಿ. ಓದುತ್ತಿರುವ ಈ ಪತ್ರಿಕೆ ಮಡಿಚಿಡಿ. ಚಪ್ಪಲಿ ಮೆಟ್ಟಿಕೊಂಡು ಹೋಗಿ ಅವರ ಬಾಗಿಲು ತಟ್ಟಿ. ಒಳಗಿನಿಂದ ದನಿ ಬರುವವರೆಗೆ ಅಲ್ಲಿಂದ ಕದಲಬೇಡಿ.